ವಿಕಿರಣದ ಬಾಕಿ ಲೆಕ್ಕ

ವಿಕಿರಣ ಮೈಗೆ ಮಾಡುವ ಕೇಡು ಎರಡು ಬಗೆಯದು. ಒಂದೇ ಸಲಕ್ಕೆ ಭಾರೀ ಪ್ರಮಾಣದಲ್ಲಿ ತಗುಲಿದರೆ ವಾಂತಿ, ಸುಟ್ಟಂತಾದ ಚರ್ಮ, ಉದುರುವ ಕೂದಲು, ಕುಸಿಯುವ ರಕ್ತಕಣಗಳು ಕೆಲವೇ ದಿನ ಅಥವಾ ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗುವುದಿಲ್ಲ. ಇನ್ನೊಂದು ಬಗೆ ಸದ್ದಿಲ್ಲದ್ದು. ಜೀವಕೋಶದೊಳಗಿನ ಡಿಎನ್‌ಎ ಎಳೆ ತುಂಡಾಗುತ್ತದೆ, ಕೋಶ ಅದನ್ನು ತಾನೇ ಕೂಡಿಸಿಕೊಳ್ಳುತ್ತದೆ, ಎಲ್ಲೋ ಒಂದು ಕಡೆ ಕೂಡಿಸಿದ್ದು ತಪ್ಪಾಗುತ್ತದೆ. ಆ ತಪ್ಪು ಕೋಶದಿಂದ ಕೋಶಕ್ಕೆ ದಾಟಿ, ಮೇಲೆ ಇನ್ನಷ್ಟು ತಪ್ಪುಗಳು ಸೇರಿ, ಹತ್ತು, ಇಪ್ಪತ್ತು, ಕೆಲವೊಮ್ಮೆ ನಲವತ್ತು ವರ್ಷಗಳ ಮೇಲೆ ಕ್ಯಾನ್ಸರ್ ಆಗಬಹುದು, ಆಗದೆಯೂ ಇರಬಹುದು. ಹಾಗೆ ಬಂದ ಕ್ಯಾನ್ಸರಿನ ಮೇಲೆ ಅದರ ಹುಟ್ಟಿನ ಗುರುತು ಇರುವುದಿಲ್ಲ. ಗುಜರಾತಿನ ಖಂಭಾತದಲ್ಲಿ ಅಗೇಟ್ ಕಲ್ಲು ಉಜ್ಜುವವರ ಎದೆಯ ಎಕ್ಸ್‌ರೇ ತೆಗೆದರೆ ಸಿಲಿಕಾ ದೂಳು ಮಾಡಿದ ಕಲೆ ಕಾಣುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಆ ರೋಗದ ಬೆನ್ನು ಹತ್ತಲು ಅಂಥ ಪುರಾವೆಯಿತ್ತು. ವಿಕಿರಣದಿಂದ ಬಂದ ರಕ್ತದ ಕ್ಯಾನ್ಸರನ್ನೂ ತಾನಾಗಿ ಬಂದದ್ದನ್ನೂ ಅಕ್ಕಪಕ್ಕ ಇಟ್ಟರೆ ಸೂಕ್ಷ್ಮದರ್ಶಕಕ್ಕೆ ಎರಡೂ ಒಂದೇ.

ಆದ್ದರಿಂದ ಈ ಸಂಶೋಧನೆ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ದಾಖಲೆ ಪುಸ್ತಕಗಳಲ್ಲಿ ನಡೆಯುತ್ತದೆ. ಯಾರಿಗೆ ಎಷ್ಟು ವಿಕಿರಣ ತಗುಲಿತು ಎಂಬುದು ಒಂದು ಪುಸ್ತಕ, ಯಾರಿಗೆ ಯಾವ ರೋಗ ಬಂತು ಎಂಬುದು ಇನ್ನೊಂದು. ಎರಡನ್ನೂ ದಶಕಗಟ್ಟಲೆ ಬಿಡದೆ ಬರೆದು, ಹೆಸರಿಗೆ ಹೆಸರು ತಾಳೆ ನೋಡಿದ ಕಡೆ ಮಾತ್ರ ನೆಚ್ಚುವಂಥ ಉತ್ತರ ಸಿಕ್ಕಿದೆ. ಗುಜರಾತಿನ ಮೂರು ದೊಡ್ಡ ನಗರಗಳಿಗೂ ಈ ಲೆಕ್ಕದಲ್ಲಿ ಪಾಲಿದೆ. ಸೂರತ್ತಿನ ಮೇಲ್ಗಡೆ ಅಣು ವಿದ್ಯುತ್ ಸ್ಥಾವರ, ವಡೋದರದಲ್ಲಿ ಪೈಪಿನ ಬೆಸುಗೆಗಳನ್ನು ಗಾಮಾ ಕಿರಣದಿಂದ ಪರೀಕ್ಷಿಸುವ ಉದ್ಯಮ, ಅಹಮದಾಬಾದಿನಲ್ಲಿ ಆಸ್ಪತ್ರೆಗಳು ಮತ್ತು ರಾಜ್ಯದ ಕ್ಯಾನ್ಸರ್ ಸಂಸ್ಥೆ.

ಜಗತ್ತಿನಲ್ಲಿ ಅತ್ಯಂತ ದೀರ್ಘವಾಗಿ ಬರೆದ ಪುಸ್ತಕಗಳಲ್ಲಿ ಒಂದು ಜಪಾನಿನದು. ಹಿರೋಶಿಮಾ, ನಾಗಾಸಾಕಿಗಳಲ್ಲಿ ಬದುಕುಳಿದವರ ಅಧ್ಯಯನಕ್ಕೆ 1947ರಲ್ಲಿ ಅಮೆರಿಕ ಒಂದು ಆಯೋಗ ಸ್ಥಾಪಿಸಿತು. 1975ರಲ್ಲಿ ಅದು ಎರಡೂ ದೇಶಗಳು ಸೇರಿ ನಡೆಸುವ ಪ್ರತಿಷ್ಠಾನವಾಯಿತು. ಸುಮಾರು 1,20,000 ಜನರನ್ನು 1950ರಿಂದ ಹಿಂಬಾಲಿಸಲಾಗಿದೆ. ಬಾಂಬು ಬಿದ್ದ ಗಳಿಗೆಯಲ್ಲಿ ಯಾರು ಎಲ್ಲಿ ನಿಂತಿದ್ದರು, ಮುಂದೆ ಗೋಡೆಯಿತ್ತೋ ಗುಡ್ಡವಿತ್ತೋ ಎಂದು ಒಬ್ಬೊಬ್ಬರನ್ನೂ ಕೇಳಿ ತಗುಲಿದ ಪ್ರಮಾಣವನ್ನು ಲೆಕ್ಕ ಹಾಕಿದರು. ರಕ್ತದ ಕ್ಯಾನ್ಸರ್ ಬೇಗ ಕಾಣಿಸಿ ಹತ್ತು ವರ್ಷದೊಳಗೆ ತುದಿ ಮುಟ್ಟಿ ಇಳಿಯಿತು. ಸ್ತನ, ಶ್ವಾಸಕೋಶ, ಹೊಟ್ಟೆಯ ಗೆಡ್ಡೆಗಳು ಹತ್ತು ವರ್ಷದ ಮೇಲೆ ಶುರುವಾಗಿ ಇಳಿಯಲೇ ಇಲ್ಲ. 2012ರ ವರದಿಯ ಪ್ರಕಾರ 30ನೇ ವಯಸ್ಸಿನಲ್ಲಿ 1 ಗ್ರೇ (ಮೈ ಹೀರಿಕೊಂಡ ವಿಕಿರಣದ ಮಾನ) ವಿಕಿರಣ ತಗುಲಿದವರು 70ರಲ್ಲಿ ಇಂಥ ಗೆಡ್ಡೆಗಳಿಂದ ಸಾಯುವ ಸಂಭವ ಸುಮಾರು 42 ಶೇಕಡಾ ಹೆಚ್ಚು. ಹೊಟ್ಟೆಯಲ್ಲಿ 8ರಿಂದ 15 ವಾರದ ಶಿಶುವಿದ್ದ ತಾಯಂದಿರ ಮಕ್ಕಳಲ್ಲಿ ಬುದ್ಧಿಮಾಂದ್ಯ ಎದ್ದು ಕಂಡಿತು. ಬದುಕುಳಿದವರಿಗೆ ಆಮೇಲೆ ಗರ್ಭ ನಿಂತು ಹುಟ್ಟಿದ ಸುಮಾರು 77,000 ಮಕ್ಕಳಲ್ಲಿ ಮಾತ್ರ ವಂಶವಾಹಿ ದೋಷದ ಹೆಚ್ಚಳ ಈವರೆಗೆ ಸಿಕ್ಕಿಲ್ಲ. ಜನ ಸಾಮಾನ್ಯವಾಗಿ ಅಂಜುವುದು ಈ ಕೊನೆಯದಕ್ಕೇ.

ಹಿರೋಶಿಮಾದ್ದು ಕ್ಷಣಮಾತ್ರದ, ದೊಡ್ಡ ಪ್ರಮಾಣದ ತಗುಲುವಿಕೆ. ಅಣುಸ್ಥಾವರದ ನೆರೆಯಲ್ಲಿರುವವರಿಗೆ ಬೇಕಾದ ಉತ್ತರ ಬೇರೆ: ಕಣದಷ್ಟು, ವರ್ಷವರ್ಷವೂ ತಗುಲಿದರೆ ಏನಾಗುತ್ತದೆ?

ಕಾಕ್ರಾಪಾರ ಸ್ಥಾವರ ಸೂರತ್ತಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, 2007ರಲ್ಲಿ ಸೂರತ್ ಜಿಲ್ಲೆಯಿಂದ ಬೇರ್ಪಟ್ಟ ತಾಪಿ ಜಿಲ್ಲೆಯಲ್ಲಿದೆ. 220 ಮೆಗಾವಾಟಿನ ಮೊದಲ ಘಟಕ 1993ರಲ್ಲಿ, ಎರಡನೆಯದು 1995ರಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು. ದೇಶದಲ್ಲೇ ವಿನ್ಯಾಸಗೊಂಡ 700 ಮೆಗಾವಾಟಿನ ಮೊದಲ ರಿಯಾಕ್ಟರ್ ಕೂಡ ಇಲ್ಲಿಯದೇ. ಅದು 2023ರಲ್ಲಿ, ಅದರ ಜೋಡಿ 2024ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಸುತ್ತ ಗಾಮಿತ್, ಚೌಧರಿ, ವಸಾವಾ ಆದಿವಾಸಿಗಳ ಹಳ್ಳಿಗಳು, ಕಬ್ಬು ಮತ್ತು ಭತ್ತದ ಗದ್ದೆಗಳು. ಉಕಾಯಿ ಅಣೆಕಟ್ಟಿನಿಂದ ಇಳಿದ ತಾಪಿಯ ನೀರು ಕಾಕ್ರಾಪಾರದ ಒಡ್ಡು ದಾಟಿ ಸೂರತ್ತಿಗೆ ಬರುತ್ತದೆ. ಆ ಊರು ಕುಡಿಯುವುದೂ ಅದೇ ನೀರನ್ನು.

ಸ್ಥಾವರದಿಂದ ಹೊರಬೀಳುವ ವಿಕಿರಣ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ವಿಕಿರಣ ಮೈಗೆ ಮಾಡಬಹುದಾದ ಕೇಡಿನ ಮಾನ) ಮೀರಬಾರದೆಂಬುದು ಅಣುಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆ. ಮಣ್ಣು, ಕಲ್ಲು, ಆಕಾಶ, ಉಸಿರಿನ ರೇಡಾನ್ ಎಲ್ಲ ಸೇರಿ ನಿಸರ್ಗವೇ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್ ಕೊಡುತ್ತದೆ. ಸ್ಥಾವರದ ನೆರೆಯವರಿಗೆ ಸಲ್ಲುವುದು ಮಿತಿಯ ನೂರನೇ ಒಂದು ಭಾಗ, ಅಂದರೆ 0.01 ಮಿಲಿಸೀವರ್ಟ್ ಎಂದು ಇಟ್ಟುಕೊಂಡು ಲೆಕ್ಕ ಮಾಡಬಹುದು. 30 ವರ್ಷಕ್ಕೆ 0.3 ಮಿಲಿಸೀವರ್ಟ್ ಆಯಿತು. 1,000 ಮಿಲಿಸೀವರ್ಟಿಗೆ ಕ್ಯಾನ್ಸರಿನಿಂದ ಸಾವಿನ ಸಂಭವ ಸುಮಾರು 5 ಶೇಕಡಾ ಹೆಚ್ಚುತ್ತದೆ ಎಂಬುದು ಅಂತರರಾಷ್ಟ್ರೀಯ ಅಂದಾಜು. ಪ್ರಮಾಣ ಇಳಿದ ಹಾಗೆ ಅಪಾಯವೂ ಅದೇ ಗತಿಯಲ್ಲಿ ಇಳಿಯುತ್ತದೆ, ಸೊನ್ನೆಯಂತೂ ಆಗುವುದಿಲ್ಲ ಎಂದು ಅದರ ಊಹೆ. ಹಾಗೆ ಗುಣಿಸಿದರೆ 10,000 ಜನರಲ್ಲಿ ಒಂದು ಸಾವೂ ತುಂಬುವುದಿಲ್ಲ, 0.15 ಬರುತ್ತದೆ. ಭಾರತದಲ್ಲಿ ಜೀವಮಾನದಲ್ಲಿ ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬರುವ ಸಂಭವವಿದೆ ಎನ್ನುತ್ತದೆ ರಾಷ್ಟ್ರೀಯ ನೋಂದಣಿ ಕಾರ್ಯಕ್ರಮ. ಅಂದರೆ ಅದೇ 10,000 ಜನರಲ್ಲಿ ಸಾವಿರದ ನೂರರಷ್ಟು ಮಂದಿಗೆ ಹೇಗೂ ಕ್ಯಾನ್ಸರ್ ಬರಲಿದೆ. ಆ ಗುಂಪಿನೊಳಗಿಂದ ಈ ಅರೆಪಾವು ಸಾವನ್ನು ಹೆಕ್ಕಿ ತೋರಿಸುವ ಸಮೀಕ್ಷೆ ಇಲ್ಲ.

ಇದನ್ನೇ ಸಂಖ್ಯಾಶಾಸ್ತ್ರದವರು ಇನ್ನೊಂದು ರೀತಿ ಹೇಳುತ್ತಾರೆ. 1,000 ಮಿಲಿಸೀವರ್ಟಿನ ಪರಿಣಾಮ ಹಿಡಿಯಲು 500 ಜನ ಸಾಕಾದರೆ, 100ಕ್ಕೆ 50,000 ಜನ ಬೇಕು, 10ಕ್ಕೆ 50 ಲಕ್ಷ ಜನ. ಪ್ರಮಾಣ ಹತ್ತು ಪಾಲು ಇಳಿದರೆ ಜನ ನೂರು ಪಾಲು ಏರಬೇಕು. ಸ್ಥಾವರದ ಸುತ್ತ ಹತ್ತಾರು ಹಳ್ಳಿ ಸುತ್ತಿ ಏನೂ ಸಿಗಲಿಲ್ಲ ಎಂದರೆ ಏನೂ ಇಲ್ಲ ಎಂದಾಗುವುದಿಲ್ಲ. ಹಾಗೆಯೇ ಒಂದು ಹಳ್ಳಿಯಲ್ಲಿ ಒಂದೇ ವರ್ಷ ನಾಲ್ಕು ಕ್ಯಾನ್ಸರ್ ಕಂಡಿತೆಂದ ಮಾತ್ರಕ್ಕೆ ಸ್ಥಾವರವೇ ಕಾರಣ ಎಂದೂ ಆಗುವುದಿಲ್ಲ. ಈ ಎರಡನ್ನೂ ಒಪ್ಪುವ ಜನ ಸ್ಥಾವರದ ಪರ, ವಿರೋಧ ಎರಡೂ ಪಾಳಯದಲ್ಲಿ ಕಡಿಮೆ.

ಎರಡು ಪಾಳಯಗಳ ಕಥೆಗೂ ತಾಪಿ ಜಿಲ್ಲೆಯೇ ನೆಲೆ. ಕಾಕ್ರಾಪಾರಕ್ಕೆ ಅಷ್ಟೇನೂ ದೂರವಲ್ಲದ ವೇಡ್ಛಿ ಗಾಂಧಿವಾದಿಗಳ ಊರು. ಮಹಾದೇವ ದೇಸಾಯಿಯವರ ಮಗ ನಾರಾಯಣ ದೇಸಾಯಿ ಅಲ್ಲಿ ಸಂಪೂರ್ಣ ಕ್ರಾಂತಿ ವಿದ್ಯಾಲಯ ಕಟ್ಟಿದರು. ಅವರ ಮಗಳು ವೈದ್ಯೆ ಸಂಘಮಿತ್ರಾ ಗಾಡೇಕರ್, ಅಳಿಯ ಭೌತವಿಜ್ಞಾನಿ ಸುರೇಂದ್ರ ಗಾಡೇಕರ್ 1987ರಲ್ಲಿ 'ಅಣುಮುಕ್ತಿ' ಎಂಬ ಪತ್ರಿಕೆ ಶುರುಮಾಡಿದರು. ಕಾಕ್ರಾಪಾರಕ್ಕೆ ವಿರೋಧ ಹೂಡಿದ್ದವರು ಒಂದು ಹಂತದಲ್ಲಿ ಘೋಷಣೆ ಸಾಲದು, ಎಣಿಕೆ ಬೇಕು ಎಂದು ಕಂಡುಕೊಂಡರು. ಕಾಕ್ರಾಪಾರ ಆಗಿನ್ನೂ ಚಾಲೂ ಆಗಿರಲಿಲ್ಲ. ಆದ್ದರಿಂದ 1991ರಲ್ಲಿ ಅವರು ರಾಜಸ್ಥಾನದ ರಾವತ್‌ಭಾಟಾಕ್ಕೆ ಹೋದರು, ಅಲ್ಲಿನ ಸ್ಥಾವರ ಹಳೆಯದು. ಹತ್ತಿರದ ಐದು ಹಳ್ಳಿ, 50 ಕಿಲೋಮೀಟರಿಗೂ ಆಚೆಯ ನಾಲ್ಕು ಹಳ್ಳಿ. ಮನೆಮನೆಗೆ ಹೋಗಿ ಒಂದೇ ಪ್ರಶ್ನಾವಳಿ. ಹತ್ತಿರದ ಹಳ್ಳಿಗಳಲ್ಲಿ ಅಂಗವಿಕಲ ಶಿಶುಗಳು, ಗರ್ಭಪಾತ, ಸತ್ತು ಹುಟ್ಟಿದ ಮಕ್ಕಳು, ಗೆಡ್ಡೆಗಳು ಹೆಚ್ಚು ಎಂದು ವರದಿ ಬಂತು.

ಈ ಸಮೀಕ್ಷೆಯ ಬೆಲೆಯನ್ನು ಸರಿಯಾಗಿ ತೂಗಬೇಕು. ಹೋಲಿಕೆಗೆ ದೂರದ ಹಳ್ಳಿಗಳನ್ನು ಆರಿಸಿ, ಕಾರ್ಯಕರ್ತರು ಮಾಡಿದ ಕೆಲಸ ಅದು. ಸರ್ಕಾರದ ಕಡೆಯಿಂದ ಅಂಥದ್ದು ಜನರ ಕೈಗೆ ಬಂದಿರಲಿಲ್ಲ. ಆದರೆ ಹಳ್ಳಿಗರೊಬ್ಬೊಬ್ಬರಿಗೆ ತಗುಲಿದ ಪ್ರಮಾಣ ಅಳೆಯುವ ದಾರಿ ಅವರಿಗಿರಲಿಲ್ಲ. ಪ್ರಮಾಣ ಹೆಚ್ಚಿದಂತೆ ರೋಗ ಹೆಚ್ಚುತ್ತದೆಯೇ ಎಂದು ತೋರಿಸದೆ ಕಾರಣ ಸ್ಥಾಪಿತವಾಗುವುದಿಲ್ಲ. ಗರ್ಭಪಾತದಂಥ ಘಟನೆಯನ್ನು ನೆನಪಿನಿಂದ ಕೇಳಿದಾಗ, ಸ್ಥಾವರದ ಭಯದಲ್ಲಿ ಬದುಕಿದವರು ಹೆಚ್ಚು ನೆನೆಯುತ್ತಾರೆ ಎಂಬ ತೊಡಕೂ ಇದೆ.

ಸ್ಥಾವರದ ಪರ ಇರುವ ಪಾಳಯದ ಲೆಕ್ಕಕ್ಕೂ ಇಷ್ಟೇ ದೊಡ್ಡ ತೊಡಕಿದೆ. ಸ್ಥಾವರಗಳ ನೌಕರರು ಮತ್ತು ಅವರ ಕುಟುಂಬಗಳ ಆರೋಗ್ಯ ಸಮೀಕ್ಷೆಗಳನ್ನು ಮುಂಬೈನ ಟಾಟಾ ಸ್ಮಾರಕ ಕೇಂದ್ರ ವಿಶ್ಲೇಷಿಸಿದೆ, ಕ್ಯಾನ್ಸರ್ ಹೆಚ್ಚಿಲ್ಲ ಎಂದು ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳುತ್ತ ಬಂದಿದೆ. ನೌಕರಿಗೆ ಸೇರುವಾಗಲೇ ವೈದ್ಯಕೀಯ ಪರೀಕ್ಷೆ ಆಗಿರುತ್ತದೆ. ಖಾಯಂ ಸಂಬಳ, ಟೌನ್‌ಶಿಪ್ಪಿನ ಆಸ್ಪತ್ರೆ, ಒಳ್ಳೆಯ ಊಟ ಇರುತ್ತದೆ. ಇಂಥವರನ್ನು ಇಡೀ ದೇಶದ ಜನರ ಜೊತೆ ಹೋಲಿಸಿದರೆ ಅವರು ಆರೋಗ್ಯವಂತರಾಗಿ ಕಂಡೇ ಕಾಣುತ್ತಾರೆ. ಜಗತ್ತಿನ ಎಲ್ಲ ಕಾರ್ಖಾನೆಗಳ ಅಧ್ಯಯನದಲ್ಲೂ ಈ ಮರೆ ಇದೆ. ನೌಕರರನ್ನು ನೌಕರರೊಂದಿಗೇ, ಹೆಚ್ಚು ತಗುಲಿದವರನ್ನು ಕಡಿಮೆ ತಗುಲಿದವರೊಂದಿಗೆ ಹೋಲಿಸುವುದು ಅದನ್ನು ದಾಟುವ ದಾರಿ.

ಫ್ರಾನ್ಸ್, ಬ್ರಿಟನ್, ಅಮೆರಿಕಗಳು ಹಾಗೆ ಮಾಡಿದವು. 3,09,932 ಅಣು ಉದ್ಯಮದ ನೌಕರರ, ವಿಕಿರಣ ಅಳೆಯುವ ಬ್ಯಾಡ್ಜಿನ ದಾಖಲೆಯನ್ನು ಸಾವಿನ ದಾಖಲೆಗೆ ಜೋಡಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಒಂದು ಗ್ರೇಗೆ ಗೆಡ್ಡೆ ಕ್ಯಾನ್ಸರಿನ ಸಾವು ಸುಮಾರು 52 ಶೇಕಡಾ ಹೆಚ್ಚು ಎಂದು ಅದರ ಫಲಿತ. ಈ ನೌಕರರಿಗೆ ಅಷ್ಟು ತಗುಲಿರುವುದಿಲ್ಲ, ಬಹುಪಾಲು ಮಂದಿಯದು ಅದರ ಸಣ್ಣ ತುಣುಕು. ಆದರೂ ನಿಧಾನವಾಗಿ ತಗುಲಿದರೆ ಅಪಾಯ ಗಣನೀಯವಾಗಿ ಕಡಿಮೆ ಎಂಬ ಹಳೆಯ ನಂಬಿಕೆಗೆ ಇದು ಪೆಟ್ಟು. ಇದಕ್ಕೆ ಎದುರಾಗಿ ನಿಲ್ಲುವುದು ನಮ್ಮದೇ ಕೇರಳದ ಕರುನಾಗಪಳ್ಳಿ. ಥೋರಿಯಂ ಇರುವ ಮೊನಾಜೈಟ್ ಮರಳಿನ ಆ ಕರಾವಳಿಯಲ್ಲಿ 69,958 ನಿವಾಸಿಗಳನ್ನು ಸರಾಸರಿ ಹತ್ತೂವರೆ ವರ್ಷ ಹಿಂಬಾಲಿಸಿದ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ 1,379 ಕ್ಯಾನ್ಸರ್ ಸಿಕ್ಕವು, ವಿಕಿರಣ ಹೆಚ್ಚಿದ ಮನೆಗಳಲ್ಲಿ ರೋಗ ಹೆಚ್ಚಿದ್ದು ಮಾತ್ರ ಸಿಗಲಿಲ್ಲ. 2009ರಲ್ಲಿ ಅದು ಪ್ರಕಟವಾಯಿತು. ಎರಡೂ ಅಧ್ಯಯನ ಪ್ರಾಮಾಣಿಕವಾದವು, ಎರಡೂ ಬೇರೆ ಬೇರೆ ಮಾತು ಹೇಳುತ್ತವೆ. ಕೇರಳದ ಸಂಖ್ಯೆ ಚಿಕ್ಕದು, ಹಿಂಬಾಲಿಸಿದ ಕಾಲ ಮೊಟಕು ಎಂಬುದು ಒಂದು ಉತ್ತರ. ಕಡಿಮೆ ಪ್ರಮಾಣದಲ್ಲಿ ಕೋಶದ ದುರಸ್ತಿ ನಿಜಕ್ಕೂ ಗೆಲ್ಲುತ್ತದೆ ಎಂಬುದು ಇನ್ನೊಂದು.

ಕಾಕ್ರಾಪಾರದಂಥ ಸ್ಥಾವರದಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ವಸ್ತು ಟ್ರಿಟಿಯಂ, ಜಲಜನಕದ ವಿಕಿರಣಶೀಲ ರೂಪ. ಭಾರತದ ಬಹುತೇಕ ರಿಯಾಕ್ಟರುಗಳಲ್ಲಿ ಭಾರಜಲ (ಜಲಜನಕದ ಭಾರವಾದ ರೂಪವಿರುವ ನೀರು) ಓಡಾಡುತ್ತದೆ. ವಡೋದರದ ಭಾರಜಲ ಘಟಕ 1977ರಲ್ಲಿ, ಪಕ್ಕದ ಗೊಬ್ಬರ ಕಾರ್ಖಾನೆಯ ಅನಿಲ ಪಡೆದು ಶುರುವಾಯಿತು. ಅಣುಶಕ್ತಿ ಇಲಾಖೆಯದೆಂದು ಅದಕ್ಕೂ ಹೆದರುವವರಿದ್ದಾರೆ. ಇಂಥ ಘಟಕದಿಂದ ಹೊರಡುವ ಭಾರಜಲಕ್ಕೆ ವಿಕಿರಣವಿಲ್ಲ, ಅಲ್ಲಿನ ಅಪಾಯ ಅಮೋನಿಯದಂಥ ರಾಸಾಯನಿಕಗಳದು. ರಿಯಾಕ್ಟರಿನೊಳಗೆ ವರ್ಷಗಟ್ಟಲೆ ನ್ಯೂಟ್ರಾನುಗಳ ಏಟು ತಿಂದ ಮೇಲೆ ಅದರಲ್ಲಿ ಟ್ರಿಟಿಯಂ ಕೂಡಿಕೊಳ್ಳುತ್ತದೆ. ಅದು ನೀರಿನ ರೂಪದಲ್ಲೇ ಇರುವುದರಿಂದ ಉಸಿರಿನಲ್ಲಿ, ಚರ್ಮದಲ್ಲಿ, ಕುಡಿದ ಲೋಟದಲ್ಲಿ ಒಳಸೇರುತ್ತದೆ. ಅರ್ಧಾಯುಷ್ಯ 12.3 ವರ್ಷವಾದರೂ ಮೈಯೊಳಗೆ ಸುಮಾರು ಹತ್ತು ದಿನದಲ್ಲಿ ಅರ್ಧಕ್ಕಿಳಿಯುತ್ತದೆ, ಹೆಚ್ಚಾಗಿ ಮೂತ್ರದ ಮೂಲಕ. ಹಾಗಾಗಿ ಈ ಸ್ಥಾವರಗಳಲ್ಲಿ ಎದೆಯ ಬ್ಯಾಡ್ಜ್ ಜೊತೆಗೆ ಮೂತ್ರದ ಪರೀಕ್ಷೆಯೂ ನಿಯಮಿತ. 2009ರ ನವೆಂಬರಿನಲ್ಲಿ ಕೈಗಾ ಅಣುಸ್ಥಾವರದಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಹಾಕಿದ್ದು ಬೆಳಕಿಗೆ ಬಂದದ್ದು ಅದೇ ಮೂತ್ರ ಪರೀಕ್ಷೆಯಲ್ಲಿ.

ಕಾಕ್ರಾಪಾರದ ಮೊದಲ ಘಟಕದಲ್ಲಿ 2016ರ ಮಾರ್ಚ್ 11ರಂದು, ಫುಕುಶಿಮಾ ಅಣು ದುರಂತಕ್ಕೆ ಸರಿಯಾಗಿ ಐದು ವರ್ಷ ತುಂಬಿದ ದಿನ, ಶೀತಲೀಕರಣದ ನಾಳವೊಂದು ಸೋರಿ ರಿಯಾಕ್ಟರ್ ತಾನಾಗಿ ನಿಂತಿತು. ಹಿಂದಿನ ವರ್ಷ ಎರಡನೆಯ ಘಟಕದಲ್ಲೂ ಇಂಥದ್ದೇ ಸೋರಿಕೆ ಆಗಿತ್ತು. ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳ ಹೊರಮೈಯಲ್ಲಿ ಅಲ್ಲಲ್ಲಿ ತುಕ್ಕಿನ ಗಂಟು ಕಂಡವು. ಎರಡೂ ಘಟಕಗಳ ಕೊಳವೆಗಳನ್ನೆಲ್ಲ ಬದಲಿಸಿ 2018 ಮತ್ತು 2019ರಲ್ಲಿ ಮತ್ತೆ ಚಾಲೂ ಮಾಡಲಾಯಿತು. ಸ್ಥಾವರದ ಹೊರಗೆ ವಿಕಿರಣ ಏರಲಿಲ್ಲವೆಂದು ನಿಯಂತ್ರಣ ಮಂಡಳಿ ಹೇಳಿತು. ಪ್ರತಿ ಸ್ಥಾವರದ ಪಕ್ಕದಲ್ಲಿ ಪರಿಸರ ಸಮೀಕ್ಷಾ ಪ್ರಯೋಗಾಲಯವೊಂದಿದ್ದು ಹಾಲು, ತರಕಾರಿ, ಧಾನ್ಯ, ಮೀನು, ನೀರನ್ನು ತಂದು ಅಳೆಯುತ್ತದೆ. ಹೋಲಿಕೆಗಾಗಿ ಸ್ಥಾವರ ಶುರುವಾಗುವ ಮೊದಲೇ ಅಳತೆ ಆರಂಭವಾಗಿರುತ್ತದೆ. ಹಾಲಿನ ಅಳತೆ ಹೀಗೆ ಮೊದಲೇ ಆಗಿರುತ್ತದೆ. ಹಾಲು ಕುಡಿದವರ ಆರೋಗ್ಯದ ಮೊದಲಿನ ಲೆಕ್ಕ ಅಷ್ಟು ಶಿಸ್ತಾಗಿ ಇದ್ದಿದ್ದರೆ ವೇಡ್ಛಿಯವರು ರಾವತ್‌ಭಾಟಾದಲ್ಲಿ ಹೋಲಿಕೆಗೆ ದೂರದ ಹಳ್ಳಿಗಳನ್ನು ಆರಿಸಬೇಕಿರಲಿಲ್ಲ.

ಅಣುಸ್ಥಾವರದ ಮಾತು ಎಷ್ಟು ದೊಡ್ಡದಾದರೂ, ಗುಜರಾತಿನಲ್ಲಿ ಅಳೆಯುವಷ್ಟು ವಿಕಿರಣ ಮೈಗೆ ತಾಗಿಸಿಕೊಳ್ಳುವವರಲ್ಲಿ ಅನೇಕರು ಅದರ ಬೇಲಿಯ ಹೊರಗಿದ್ದಾರೆ. ವಡೋದರದ ಕೊಯಲಿ ತೈಲಾಗಾರ 1965ರಿಂದ ಇದೆ. ಅದರ ಸುತ್ತ ಪೆಟ್ರೋಕೆಮಿಕಲ್ ಕಾರ್ಖಾನೆಗಳು ಬೆಳೆದವು. ಇಂಥ ಕಡೆ ಪೈಪಿನ ಬೆಸುಗೆ ಗಟ್ಟಿಯಾಗಿದೆಯೇ ಎಂದು ನೋಡಲು ಇರಿಡಿಯಂ-192 ಬಳಸುತ್ತಾರೆ. ಕೆಲಸದವರು ಅದರ ಪೆಟ್ಟಿಗೆಯನ್ನು ಕ್ಯಾಮೆರಾ ಎನ್ನುತ್ತಾರೆ. ಉಳಿದವರೆಲ್ಲ ಮನೆಗೆ ಹೋದ ಮೇಲೆ, ರಾತ್ರಿ, ಹಗ್ಗ ಕಟ್ಟಿ ದಾರಿ ಮುಚ್ಚುತ್ತಾರೆ. ಬೆಸುಗೆಯ ಒಂದು ಬದಿಗೆ ಫಿಲ್ಮ್ ಅಂಟಿಸಿ, ಇನ್ನೊಂದು ಬದಿಗೆ ಕೊಳವೆಯ ತುದಿ ಕಟ್ಟಿ, ದೂರ ಸರಿದು ಹಿಡಿಕೆ ತಿರುಗಿಸಿದರೆ ಕೇಬಲ್ಲಿನ ತುದಿಯ ಕಡಲೆಕಾಳಿಗಿಂತ ಚಿಕ್ಕ ಮೂಲ ಪೆಟ್ಟಿಗೆಯಿಂದ ಹೊರಗೆ ಓಡುತ್ತದೆ. ಗಡಿಯಾರ ನೋಡಿ ವಾಪಸು ಎಳೆಯಬೇಕು. ಮೀಟರ್ ಹಿಡಿದು ನಡೆದು ಮೂಲ ಒಳಗೆ ಸೇರಿದ್ದನ್ನು ಖಾತ್ರಿ ಮಾಡಿಕೊಳ್ಳಬೇಕು. ರಾತ್ರಿ ಎರಡಕ್ಕೆ, ಇನ್ನೂ ಇಪ್ಪತ್ತು ಬೆಸುಗೆ ಬಾಕಿ ಇರುವಾಗ, ಬಿಟ್ಟುಹೋಗುವ ಹೆಜ್ಜೆ ಇದೇ. ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿಯಿದೆ. ಕೇಬಲ್ಲಿನಿಂದ ಕಳಚಿ ಬಿದ್ದ ಮೂಲವನ್ನು ಬರಿಗೈಯಲ್ಲಿ ಎತ್ತಿದವನಿಗೆ ಆ ಅಂಕಿಗಳು ಕೆಲವೇ ಕ್ಷಣದ ಲೆಕ್ಕ.

ಅಹಮದಾಬಾದಿನಂಥ ನಗರದ ಹೃದ್ರೋಗ ಆಸ್ಪತ್ರೆಗಳ ಕ್ಯಾಥ್ ಲ್ಯಾಬಿನಲ್ಲಿ ನಿಲ್ಲುವವರದು ಇನ್ನೊಂದು ತೆರನ ತಗುಲುವಿಕೆ. ಸ್ಟೆಂಟ್ ಕೂರಿಸುವಾಗ ರೋಗಿಯ ಮೈಗೆ ಬಡಿದು ಚದುರುವ ಎಕ್ಸ್‌ರೇ ವೈದ್ಯರ ಎಡಗಡೆಗೆ ಹೆಚ್ಚು ತಾಗುತ್ತದೆ. ಸೀಸದ ಏಪ್ರನ್ ಎದೆ ಹೊಟ್ಟೆಗಳನ್ನು ಕಾಯುತ್ತದೆ, ಕಣ್ಣನ್ನಲ್ಲ. ಇಂಥ ವೈದ್ಯರು, ನರ್ಸುಗಳ ಕಣ್ಣಿನ ಮಸೂರದ ಹಿಂಬದಿಯಲ್ಲಿ ಮೋಡ ಕಟ್ಟುವುದು ಹಲವು ದೇಶಗಳ ತಪಾಸಣೆಯಲ್ಲಿ ಕಂಡಿತು. 2011ರಲ್ಲಿ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ ಕೆಲಸದವರ ಕಣ್ಣಿಗೆ ಹಾಕಿದ್ದ ವಾರ್ಷಿಕ ಮಿತಿಯನ್ನು 150 ಮಿಲಿಸೀವರ್ಟಿನಿಂದ 20ಕ್ಕೆ ಇಳಿಸಿತು. ದೀರ್ಘಕಾಲದ ಸಂಶೋಧನೆ ಮಿತಿಯನ್ನು ನೇರವಾಗಿ ತಿದ್ದಿದ ಅಪರೂಪದ ಸಂದರ್ಭ ಇದು. ರೋಗಿಗಳ ಕಡೆಯ ದೊಡ್ಡ ಪ್ರಶ್ನೆ ಸಿಟಿ ಸ್ಕ್ಯಾನ್. ಯುರೋಪಿನ ಒಂಬತ್ತು ದೇಶಗಳಲ್ಲಿ 22 ವಯಸ್ಸಿನೊಳಗೆ ಸ್ಕ್ಯಾನ್ ಆದ ಸುಮಾರು ಒಂಬತ್ತೂವರೆ ಲಕ್ಷ ಮಂದಿಯ ಲೆಕ್ಕ 2023ರಲ್ಲಿ ಹೊರಬಂತು: ಒಂದು ಸ್ಕ್ಯಾನ್ ಆದ 10,000 ಮಕ್ಕಳಲ್ಲಿ ಮುಂದಿನ 12 ವರ್ಷಗಳಲ್ಲಿ ಒಂದೆರಡು ರಕ್ತದ ಕ್ಯಾನ್ಸರ್ ಹೆಚ್ಚು. ತಲೆಗೆ ಪೆಟ್ಟು ಬಿದ್ದ ಮಗುವಿಗೆ ಸ್ಕ್ಯಾನ್ ಬೇಡವೆನ್ನಲು ಇದು ಕಾರಣವಲ್ಲ. ಬರೀ ತಲೆನೋವಿಗೆ, ಅಪ್ಪ-ಅಮ್ಮನ ಸಮಾಧಾನಕ್ಕೆ ಬರೆದುಕೊಡುವ ಸ್ಕ್ಯಾನ್ ಬೇಡವೆನ್ನಲು ಕಾರಣ.

ಗುಜರಾತಿನಲ್ಲಿ ಇಂಥ ಲೆಕ್ಕಕ್ಕೆ ಬೇಕಾದ ಎರಡು ಪುಸ್ತಕಗಳೂ ಇವೆ. ತಗುಲಿದ ಪ್ರಮಾಣದ್ದು ಮೊದಲನೆಯದು. ಎದೆಯ ಬ್ಯಾಡ್ಜಿನೊಳಗೆ ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟಿನ ಬಿಲ್ಲೆಗಳಿರುತ್ತವೆ. ವಿಕಿರಣ ಅವುಗಳಲ್ಲಿ ಕೂಡಿಟ್ಟ ಶಕ್ತಿ, ಕಾಯಿಸಿದಾಗ ಬೆಳಕಾಗಿ ಹೊರಬರುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಥಾರ್ ಮರುಭೂಮಿಯ ಮರಳಿನ ವಯಸ್ಸು ಕಂಡುಹಿಡಿಯುವುದೂ ಇದೇ ತತ್ತ್ವದ ಮೇಲೆ. ಆಸ್ಪತ್ರೆಗಳಿಂದ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಿ, ಅಂಕಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ರಾಷ್ಟ್ರೀಯ ಡೋಸ್ ನೋಂದಣಿಗೆ ಸೇರುತ್ತದೆ. ಮೇಜಿನ ಡ್ರಾಯರಿನಲ್ಲೇ ಉಳಿದ ಬ್ಯಾಡ್ಜ್ ಕೂಡ ಸೊನ್ನೆ ಎಂದೇ ಸೇರುತ್ತದೆ.

ರೋಗದ ಪುಸ್ತಕ ಎರಡನೆಯದು. ರಾಷ್ಟ್ರೀಯ ಕಾರ್ಯಕ್ರಮದಡಿ ಜನಸಂಖ್ಯೆ ಆಧಾರಿತ ಕ್ಯಾನ್ಸರ್ ನೋಂದಣಿ 1982ರಲ್ಲಿ ಬೆಂಗಳೂರು (ಕಿದ್ವಾಯಿ ಸಂಸ್ಥೆ) ಸೇರಿ ಮೂರು ನಗರಗಳಲ್ಲಿ ಶುರುವಾಯಿತು. ಅಹಮದಾಬಾದಿನಲ್ಲಿ ಆ ಕೆಲಸ 1972ರಲ್ಲಿ ಸ್ಥಾಪನೆಯಾದ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯದು. ಕ್ಯಾನ್ಸರನ್ನು ಕಾನೂನಿನಡಿ ವರದಿ ಮಾಡಲೇಬೇಕಾದ ರೋಗವೆಂದು ಇಡೀ ದೇಶಕ್ಕೆ ಒಟ್ಟಾಗಿ ಘೋಷಿಸಿಲ್ಲದ ಕಾರಣ ನೋಂದಣಿಯವರೇ ಆಸ್ಪತ್ರೆ, ಲ್ಯಾಬು, ಮರಣ ಕಚೇರಿ ಸುತ್ತಿ ಹೆಸರು ಕೂಡಿಸಬೇಕು. ಒಬ್ಬನೇ ವ್ಯಕ್ತಿ ಎರಡು ಆಸ್ಪತ್ರೆಯಲ್ಲಿ ಎರಡು ಬಗೆಯ ಹೆಸರಿನಲ್ಲಿ ಸಿಗುತ್ತಾನೆ. ಸೂರತ್ತಿನ ಕಷ್ಟ ಇನ್ನೂ ಬೇರೆ. ಆ ಊರಿನ ಮಗ್ಗಗಳಲ್ಲಿ ಒಡಿಶಾದ ಗಂಜಾಂ ಕಡೆಯವರು, ವಜ್ರದ ಘಂಟಿಗಳ ಮುಂದೆ ಸೌರಾಷ್ಟ್ರದವರು. ಕಾಯಿಲೆ ಬಿದ್ದರೆ ಊರಿಗೆ ಮರಳುವುದು ವಾಡಿಕೆ. ಅಣುಸ್ಥಾವರದ ನಿರ್ವಹಣೆಗೆ ಬರುವ ಗುತ್ತಿಗೆ ಕಾರ್ಮಿಕರದೂ ಇದೇ ಕಥೆ. ಖಾಯಂ ನೌಕರರಿಗಿಂತ ಇವರನ್ನು ಹಿಂಬಾಲಿಸುವುದು ಹತ್ತು ಪಾಲು ಕಷ್ಟ, ಮತ್ತು ಇವರನ್ನು ಬಿಟ್ಟ ಯಾವ ಅಧ್ಯಯನವೂ ಅರ್ಧವೇ.

1993ರಲ್ಲಿ ಕಾಕ್ರಾಪಾರ ಸೇರಿದ ಇಪ್ಪತ್ತೈದರ ತಂತ್ರಜ್ಞರು ಈಗ ಅರವತ್ತರ ಸುಮಾರಿನಲ್ಲಿದ್ದಾರೆ. ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು ಅದು, ಮತ್ತು ನಿವೃತ್ತರಾಗಿ ಟೌನ್‌ಶಿಪ್ ಬಿಟ್ಟು ಬೇರೆ ಬೇರೆ ರಾಜ್ಯಗಳಿಗೆ ಹೋಗುವ ವಯಸ್ಸೂ ಅದೇ. ಅವರ ಮೂವತ್ತು ವರ್ಷದ ಬ್ಯಾಡ್ಜ್ ದಾಖಲೆ ಮುಂಬೈಯಲ್ಲಿದೆ. ಅದನ್ನು ಅವರು ಈಗ ನೆಲೆಸಿರುವ ಊರುಗಳ ಕ್ಯಾನ್ಸರ್ ಮತ್ತು ಮರಣ ನೋಂದಣಿಗೆ ಜೋಡಿಸಿ, ಹೆಚ್ಚು ತಗುಲಿದವರನ್ನು ಕಡಿಮೆ ತಗುಲಿದವರ ಪಕ್ಕ ಇಡುವ ಕೆಲಸಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ. ಕಾಕ್ರಾಪಾರದ್ದೊಂದೇ ಸಾಲದು, ತಾರಾಪುರ, ರಾವತ್‌ಭಾಟಾ, ಕಲ್ಪಾಕ್ಕಂ, ನರೋರಾ, ಕೈಗಾಗಳನ್ನೂ ಕೂಡಿಸಿದರೆ ಮಾತ್ರ ಸಂಖ್ಯೆ ಮಾತಾಡುವಷ್ಟಾಗುತ್ತದೆ. ನಾಲ್ಕನೆಯ ಘಟಕಕ್ಕೆ 2024ರಲ್ಲಿ ಸೇರಿದವರಲ್ಲಿ, ವಿಕಿರಣದಿಂದ ಬರುವ ಗೆಡ್ಡೆ ಇದ್ದರೆ, ಅದು 2035ಕ್ಕೆ ಮೊದಲು ಲೆಕ್ಕಕ್ಕೆ ಸಿಗುವುದಿಲ್ಲ.